ಯುರೋಪಿನ ರಸ್ತೆಗೆ ಇಳಿಯುವ ಮೊದಲು ಜಿಪಿಎಸ್ ಬಗ್ಗೆ ಒಂದು ಪತ್ರ

ಈ ಬೇಸಿಗೆ ರಜೆಯಲ್ಲಿ ಯುರೋಪಿಗೆ ಬಂದು ತಾವೇ ಕಾರು ಓಡಿಸಬೇಕೆಂದಿರುವ ಕನ್ನಡದ ಕುಟುಂಬಗಳಿಗೆ,



ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಯುಗಾದಿ ಕಳೆಯುತ್ತಿದ್ದಂತೆ ಬೆಂಗಳೂರು, ಮೈಸೂರು, ಶಿವಮೊಗ್ಗ, ಮಂಗಳೂರುಗಳಿಂದ ಬಂಧುಗಳ, ಸ್ನೇಹಿತರ, ಸ್ನೇಹಿತರ ಸ್ನೇಹಿತರ ಫೋನುಗಳು ಶುರುವಾಗುತ್ತವೆ. ಟೂರ್ ಬಸ್ಸಿನವರ ಗಡಿಬಿಡಿ ಬೇಡ, ಕಾರು ಬಾಡಿಗೆಗೆ ಹಿಡಿದು ಅಪ್ಪ ಅಮ್ಮನನ್ನೂ ಮಕ್ಕಳನ್ನೂ ಕೂರಿಸಿಕೊಂಡು ನಿಧಾನವಾಗಿ ಸುತ್ತುತ್ತೇವೆ ಎನ್ನುತ್ತಾರೆ. ಒಳ್ಳೆಯ ಯೋಚನೆ. ಹೋಟೆಲು, ವಿಮೆ, ಆರ್‌ಟಿಓದಿಂದ ತರಬೇಕಾದ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಎಲ್ಲ ಮಾತಾಡಿ ಮುಗಿದ ಮೇಲೆ, ಫೋನ್ ಇಡುವ ಹೊತ್ತಿಗೆ ಕೇಳುತ್ತಾರೆ: "ದಾರಿಗೆ ಫೋನಿನಲ್ಲೇ ಮ್ಯಾಪ್ ಹಾಕ್ಕೊಂಡ್ರೆ ಸಾಕಲ್ವಾ?" ಈ ಪ್ರಶ್ನೆಯನ್ನು ಕೊನೆಗೆ ಬಿಡಬೇಡಿ, ಟಿಕೆಟ್ ತೆಗೆದ ದಿನವೇ ಕೇಳಿ ಎಂದು ಹೇಳುವುದಕ್ಕೇ ಈ ಪತ್ರ.

ಊರಿನಲ್ಲಿ ದಾರಿ ತಪ್ಪಿದರೆ ಗಾಜು ಇಳಿಸಿ ಅಂಗಡಿಯವರನ್ನೋ ಆಟೊದವರನ್ನೋ ಕೇಳಿಬಿಡುತ್ತೇವೆ. ಜರ್ಮನಿಯ ಆಟೊಬಾನ್‌ನಲ್ಲಿ ಕೇಳಲು ಯಾರೂ ಸಿಗುವುದಿಲ್ಲ, ಸುಮ್ಮನೆ ಪಕ್ಕಕ್ಕೆ ನಿಲ್ಲಿಸುವುದು ಕಾನೂನಿಗೆ ವಿರುದ್ಧ. ಒಂದು ಎಕ್ಸಿಟ್ ತಪ್ಪಿದರೆ ಮುಂದಿನದು ಬರುವವರೆಗೆ ಓಡಿಸಲೇಬೇಕು. ಇದರ ಮೇಲೆ ಬಲಬದಿಯ ಸಂಚಾರ. ಸ್ಟಿಯರಿಂಗ್ ಎಡಕ್ಕೆ, ಗೇರು ಬಲಗೈಗೆ, ವೃತ್ತಗಳನ್ನು ಸುತ್ತುವುದು ಅಪ್ರದಕ್ಷಿಣವಾಗಿ. ಮೈಗೆ ರೂಢಿಯಾಗಿರುವುದನ್ನೆಲ್ಲ ತಿರುಗಿಸಿ ಹಾಕಿಕೊಂಡ ಚಾಲಕನ ತಲೆಯಲ್ಲಿ ದಾರಿ ಹುಡುಕುವುದಕ್ಕೆ ಜಾಗ ಉಳಿದಿರುವುದಿಲ್ಲ. ಅದಕ್ಕೇ ದಾರಿ ತೋರುವ ಸಾಧನದ ಆಯ್ಕೆಯನ್ನು ನಾನು ಅನುಕೂಲದ ಮಾತೆಂದು ನೋಡುವುದಿಲ್ಲ. ಹಿಂದಿನ ಸೀಟಿನಲ್ಲಿ ಕೂತವರ ಸುರಕ್ಷತೆಯ ಮಾತು ಇದು.

ಮೊದಲು ಒಂದು ಗೊಂದಲ ಬಿಡಿಸೋಣ. ಜಿಪಿಎಸ್‌ಗೆ ಇಂಟರ್‌ನೆಟ್ ಬೇಡ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಮಯವನ್ನು ಬಿತ್ತರಿಸುತ್ತಲೇ ಇರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ನಿಮ್ಮ ಕೈಯಲ್ಲಿರುವ ಸಾಧನ ತಾನೆಲ್ಲಿದ್ದೇನೆಂದು ಲೆಕ್ಕ ಹಾಕಿಕೊಳ್ಳುತ್ತದೆ. ಅದು ಏನನ್ನೂ ಮೇಲಕ್ಕೆ ಕಳಿಸುವುದಿಲ್ಲ, ಅದಕ್ಕೆ ತಿಂಗಳ ಬಾಡಿಗೆಯೂ ಇಲ್ಲ. 2016ರ ಡಿಸೆಂಬರಿನಿಂದ ಯುರೋಪಿನದೇ ಆದ ಗೆಲಿಲಿಯೊ ಉಪಗ್ರಹಗಳೂ ಸೇವೆಯಲ್ಲಿವೆ; ಈಚಿನ ಸಾಧನಗಳು ಎರಡನ್ನೂ ಒಟ್ಟಿಗೆ ಬಳಸುತ್ತವೆ. ನಮ್ಮ ಇಸ್ರೊದ ನಾವಿಕ್ ಬಗ್ಗೆ ಹೆಮ್ಮೆಯಿಂದ ಕೇಳುವವರಿದ್ದಾರೆ. ಅದನ್ನು ರೂಪಿಸಿರುವುದು ಭಾರತ ಮತ್ತು ಅದರ ಸುತ್ತಲಿನ ಸುಮಾರು 1,500 ಕಿಲೋಮೀಟರಿಗೆ, ಇಲ್ಲಿ ಅದು ಕೆಲಸಕ್ಕೆ ಬಾರದು. ಅಂದರೆ ನೀವು ಎಲ್ಲಿದ್ದೀರೆಂದು ತಿಳಿಯುವುದು ಆಕಾಶದಿಂದ. ಆ ಜಾಗದಲ್ಲಿ ಯಾವ ರಸ್ತೆಯಿದೆ, ಅದು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುವುದು ನಕ್ಷೆಯಿಂದ. ಆ ನಕ್ಷೆ ಸಾಧನದ ಒಳಗೇ ಇದೆಯೋ, ಪ್ರತಿ ತಿರುವಿಗೂ ಇಂಟರ್‌ನೆಟ್‌ನಿಂದ ಇಳಿದು ಬರುತ್ತದೆಯೋ? ಆಯ್ಕೆಯೆಲ್ಲ ನಿಂತಿರುವುದು ಇದರ ಮೇಲೆ.

ನೆಟ್ ಇದ್ದೇ ಇರುತ್ತದಲ್ಲ ಎನ್ನುತ್ತೀರಿ. ಫ್ರಾನ್ಸಿನಲ್ಲೋ ಇಟಲಿಯಲ್ಲೋ ಕೊಂಡ ಸಿಮ್ ಐರೋಪ್ಯ ಒಕ್ಕೂಟದ ದೇಶಗಳಲ್ಲೆಲ್ಲ ಹೆಚ್ಚಿನ ಖರ್ಚಿಲ್ಲದೆ ನಡೆಯುತ್ತದೆ, ನಿಜ. ಆದರೆ ನೀವು ಬರುವುದೇ ಸ್ವಿಟ್ಜರ್ಲೆಂಡ್ ನೋಡುವುದಕ್ಕೆ, ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲಿಲ್ಲ. ಗಡಿ ದಾಟುತ್ತಿದ್ದಂತೆ ಡೇಟಾ ನಿಲ್ಲಬಹುದು, ನಿಲ್ಲದಿದ್ದರೆ ಬಿಲ್ಲು ಬೆಚ್ಚಿಬೀಳಿಸಬಹುದು. ಊರಿನಿಂದಲೇ ಇ-ಸಿಮ್ ತರುವವರು ಅದರ ದೇಶಗಳ ಪಟ್ಟಿಯಲ್ಲಿ ಸ್ವಿಟ್ಜರ್ಲೆಂಡಿನ ಹೆಸರಿದೆಯೇ ಎಂದು ಕಣ್ಣಾರೆ ಓದಿ. ಇದ್ದರೂ ಆಲ್ಪ್ಸ್ ಕಣಿವೆಗಳಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತದೆ.

ಹಾಗಾದರೆ ಏನು ತರಬೇಕು? ನನ್ನ ತೀರ್ಮಾನ ನೇರವಾಗಿ ಹೇಳುತ್ತೇನೆ. ಒಂದೇ ದೇಶದಲ್ಲಿ ನಾಲ್ಕೈದು ದಿನ, ದೊಡ್ಡ ರಸ್ತೆಗಳಲ್ಲೇ ಓಡಾಟವಾದರೆ ಫೋನು ಸಾಕು. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು ಅಷ್ಟೆ. ಗೂಗಲ್ ಮ್ಯಾಪ್ಸ್‌ನಲ್ಲಿ ಬೇಕಾದ ಪ್ರದೇಶವನ್ನು ಇಳಿಸಿಟ್ಟುಕೊಳ್ಳಬಹುದು, ಆದರೆ ನೆಟ್ ಇಲ್ಲದಾಗ ಅದು ಟ್ರಾಫಿಕ್ಕನ್ನೂ ಬದಲಿ ದಾರಿಗಳನ್ನೂ ತೋರಿಸುವುದಿಲ್ಲ. ಹಿಯರ್ ವಿಗೋ ಎಂಬ ಆ್ಯಪ್‌ನಲ್ಲಿ ಇಡೀ ದೇಶದ ನಕ್ಷೆಯನ್ನೇ ಉಚಿತವಾಗಿ ಇಳಿಸಿಕೊಳ್ಳಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಗಳನ್ನು ಬಳಸುವ ಆರ್ಗ್ಯಾನಿಕ್ ಮ್ಯಾಪ್ಸ್ ಕೂಡ ಹಾಗೆಯೇ. ಎರಡು ಫೋನುಗಳಲ್ಲಿ ಇಳಿಸಿಕೊಳ್ಳಿ, ಒಂದು ಕೈಕೊಟ್ಟರೆ ಇನ್ನೊಂದಿರಲಿ.

ಆದರೆ ಎರಡು ಮೂರು ದೇಶ, ಬೆಟ್ಟದ ದಾರಿ, ಹತ್ತು ಹದಿನೈದು ದಿನದ ಪ್ರವಾಸವಾದರೆ ಗಾರ್ಮಿನ್ ಅಥವಾ ಟಾಮ್‌ಟಾಮ್‌ನಂಥ ಪ್ರತ್ಯೇಕ ಸಾಧನವನ್ನೇ ಗಾಜಿಗೆ ಅಂಟಿಸಿ ಎನ್ನುತ್ತೇನೆ. ಹಳೆಯ ಕಾಲದ ವಸ್ತು ಎಂದು ಮೂಗು ಮುರಿಯುವವರಿಗೆ ನನ್ನ ಉತ್ತರ ಇದು. ಚಾಲಕನ ಮುಂದಿನ ಪರದೆಗೆ ದಾರಿ ತೋರುವುದೊಂದೇ ಕೆಲಸವಾಗಿರಬೇಕು. ಊರಿನ ವಾಟ್ಸ್‌ಆ್ಯಪ್ ಗುಂಪಿನ ಸಂದೇಶ, ಕಚೇರಿಯ ಕರೆ, ಬ್ಯಾಂಕಿನ ಓಟಿಪಿ ಯಾವುದೂ ಸರಿಯಾಗಿ ತಿರುವಿನ ಹೊತ್ತಿಗೆ ಅದರ ಮೇಲೆ ಬಂದು ಕೂರಬಾರದು. ಬಿಸಿಲಲ್ಲಿ ಗಾಜಿಗೆ ತಗುಲಿಸಿದ ಫೋನು ಚಾರ್ಜ್ ಆಗುತ್ತಾ, ನಕ್ಷೆ ತೋರಿಸುತ್ತಾ ಕಾದುಹೋಗಿ ಬೆಳಕು ತಗ್ಗಿಸಿಕೊಳ್ಳುತ್ತದೆ, ಕೆಲವೊಮ್ಮೆ ಆರಿಯೇ ಹೋಗುತ್ತದೆ. ಫೋನು ಪಕ್ಕದ ಸೀಟಿನವರ ಕೈಯಲ್ಲಿರಲಿ. ಊಟದ ಜಾಗ, ಪಾರ್ಕಿಂಗ್, ಹೋಟೆಲಿನ ಸಂದೇಶ ಎಲ್ಲ ಅವರು ನೋಡಿಕೊಳ್ಳಲಿ. ಚಾಲಕ ಫೋನು ಕೈಯಲ್ಲಿ ಹಿಡಿದರೆ ಇಲ್ಲಿನ ಎಲ್ಲ ದೇಶಗಳಲ್ಲೂ ದಂಡ. ಫ್ರಾನ್ಸಿನಲ್ಲಿ ಅದು 135 ಯೂರೊ.

ಕೊಳ್ಳುವಾಗ ನೋಡಬೇಕಾದುದು ಪೆಟ್ಟಿಗೆಯ ಮೇಲಿನ ನಕ್ಷೆಯ ಹೆಸರನ್ನು. ಭಾರತಕ್ಕಾಗಿ ಮಾಡಿದ ಮಾದರಿಗಳಲ್ಲಿ ಯುರೋಪಿನ ನಕ್ಷೆ ಇರುವುದಿಲ್ಲ, ಅದನ್ನು ಬೇರೆಯಾಗಿ ಕೊಳ್ಳಬೇಕಾಗುತ್ತದೆ. ಇಲ್ಲೂ ಅಗ್ಗದ ಕೆಲವು ಮಾದರಿಗಳಲ್ಲಿ ಮಧ್ಯ ಯುರೋಪ್ ಮಾತ್ರ ಇರುತ್ತದೆ. ಇಡೀ ಯುರೋಪಿನ ನಕ್ಷೆ ಮತ್ತು ಸಾಧನದ ಆಯುಸ್ಸಿನವರೆಗೆ ಉಚಿತ ಅಪ್‌ಡೇಟ್, ಇವೆರಡೂ ಇರುವುದನ್ನೇ ಆರಿಸಿ. ಪರದೆ ಐದಾರು ಇಂಚು ಇದ್ದರೆ ಚೆನ್ನ. ಅದಕ್ಕಿಂತ ದೊಡ್ಡದು ಸಣ್ಣ ಕಾರಿನಲ್ಲಿ ರಸ್ತೆಯನ್ನೇ ಮರೆಮಾಡುತ್ತದೆ. ಟ್ರಾಫಿಕ್ ಮಾಹಿತಿ ಕೆಲವು ಮಾದರಿಗಳಿಗೆ ಫೋನಿನ ಮೂಲಕ ಬರುತ್ತದೆ, ಕೆಲವಕ್ಕೆ ಚಾರ್ಜರಿನ ತಂತಿಯೊಳಗೇ ಅಡಗಿಸಿರುವ ರೇಡಿಯೊ ರಿಸೀವರಿನಿಂದ. ಈ ಎರಡನೆಯ ಬಗೆಯದಾದರೆ ಬೇರೆ ಯಾವುದೋ ತಂತಿ ಹಾಕಿ ಟ್ರಾಫಿಕ್ ಬರುತ್ತಿಲ್ಲವೆಂದು ಒದ್ದಾಡಬೇಡಿ. ನಕ್ಷೆ ಅಪ್‌ಡೇಟ್ ಮಾಡಲು ಗಂಟೆಗಟ್ಟಲೆ ಹಿಡಿಯುತ್ತದೆ, ಅದನ್ನು ಹೋಟೆಲಿನ ವೈಫೈಗೆ ಬಿಡಬಾರದು.

ಕಾರಿನ ಜೊತೆಗೇ ಬಾಡಿಗೆಗೆ ಸಿಗುತ್ತದಲ್ಲ ಎನ್ನುವವರು ಲೆಕ್ಕ ಹಾಕಿ ನೋಡಿ. ದಿನಕ್ಕೆ ಹತ್ತು ಹದಿನೈದು ಯೂರೊ ಕೇಳುವುದು ಸಾಮಾನ್ಯ. ಹತ್ತು ದಿನದ ಬಾಡಿಗೆಯಲ್ಲಿ ಸಾಧಾರಣ ಮಾದರಿಯ ಹೊಸ ಸಾಧನವೇ ಬಂದುಬಿಡುತ್ತದೆ. ಬಾಡಿಗೆಯದರಲ್ಲಿ ನಕ್ಷೆ ಎಷ್ಟು ಹಳೆಯದೋ ಗೊತ್ತಿರುವುದಿಲ್ಲ, ಕೈಗೆ ಬಂದ ಮೇಲೆ ಕಲಿಯಲು ಸಮಯವೂ ಇರುವುದಿಲ್ಲ. ಬಂದಿಳಿದ ಮೇಲೆ ಅಂಗಡಿಯಲ್ಲಿ ಕೊಳ್ಳೋಣವೆಂದರೆ, ಜರ್ಮನಿಯಲ್ಲಿ ಭಾನುವಾರ ಎಲೆಕ್ಟ್ರಾನಿಕ್ಸ್ ಅಂಗಡಿಗಳು ತೆರೆಯುವುದಿಲ್ಲ. ಇಲ್ಲಿ ಬಂಧುಗಳಿದ್ದರೆ ಅವರ ವಿಳಾಸಕ್ಕೆ ಮೊದಲೇ ತರಿಸಿ, ಅಪ್‌ಡೇಟ್ ಮಾಡಿಸಿಡಿ ಎಂದು ಸಂಕೋಚವಿಲ್ಲದೆ ಕೇಳಿ. ನಾವು ಸಂತೋಷದಿಂದ ಮಾಡಿಕೊಡುತ್ತೇವೆ.

ಮೊದಲ ದಿನದ ಮೊದಲ ಅರ್ಧ ಗಂಟೆಯ ಬಗ್ಗೆ ಎರಡು ಮಾತು. ವಿಮಾನ ನಿಲ್ದಾಣಗಳಲ್ಲಿ ಬಾಡಿಗೆ ಕಾರು ಕೊಡುವುದು ಹೆಚ್ಚಾಗಿ ಬಹುಮಹಡಿ ಪಾರ್ಕಿಂಗ್‌ನೊಳಗೆ. ಕಾಂಕ್ರೀಟಿನ ಕೆಳಗೆ ಉಪಗ್ರಹದ ಸಂಕೇತ ತಲುಪುವುದಿಲ್ಲ. ಅಲ್ಲದೆ ಸಾವಿರಾರು ಕಿಲೋಮೀಟರ್ ದೂರ ಹಾರಿ ಬಂದ ಸಾಧನಕ್ಕೆ ತನ್ನ ಹೊಸ ಆಕಾಶವನ್ನು ಗುರುತಿಸಿಕೊಳ್ಳಲು ಕೆಲವು ನಿಮಿಷ ಬೇಕು. ಅಲ್ಲಿಂದ ಹೊರಬಂದ ಕೂಡಲೇ ಹೆದ್ದಾರಿಗೆ ನುಗ್ಗಬೇಡಿ. ನಿಲ್ಲಿಸಲು ಅವಕಾಶವಿರುವ ಬಯಲಿನ ಜಾಗ ಹುಡುಕಿ, ಸಾಧನ ಸಿದ್ಧವಾಗುವವರೆಗೆ ಕಾಯಿರಿ. ಅಷ್ಟರಲ್ಲಿ ಕನ್ನಡಿಗಳನ್ನು ಸರಿ ಮಾಡಿಕೊಳ್ಳಬಹುದು. ಎಷ್ಟು ಕಾದರೂ ಸಂಕೇತ ಸಿಗದಿದ್ದರೆ ಮುಂದಿನ ಗಾಜಿನ ಮೇಲೆ ಅನುಮಾನ ಪಡಿ. ಬಿಸಿಲು ತಡೆಯಲು ಲೋಹದ ತೆಳುಪದರ ಹಾಕಿದ ಗಾಜುಗಳಿವೆ, ಅವು ಉಪಗ್ರಹದ ಸಂಕೇತವನ್ನೂ ತಡೆಯುತ್ತವೆ. ಅಂಥ ಕಾರಿನಲ್ಲಿ ಸಾಮಾನ್ಯವಾಗಿ ಹಿಂಬದಿ ನೋಡುವ ಕನ್ನಡಿಯ ಹತ್ತಿರ ಪದರವಿಲ್ಲದ ಜಾಗವೊಂದನ್ನು ಬಿಟ್ಟಿರುತ್ತಾರೆ.

ಇನ್ನು ವಿಳಾಸ. ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಬೆಂಗಳೂರಿನ ಬಡಾವಣೆ ಬಡಾವಣೆಗೂ ಒಂದು ಮೂರನೇ ಮೇನ್, ನಾಲ್ಕನೇ ಕ್ರಾಸ್ ಇರುವಂತೆ ಜರ್ಮನಿ, ಸ್ವಿಟ್ಜರ್ಲೆಂಡಿನ ಊರೂರಿಗೂ ಒಂದು ಬಾನ್‌ಹೋಫ್‌ಸ್ಟ್ರಾಸೆ ಇದೆ, ಸ್ಟೇಷನ್ ರಸ್ತೆ. ಊರುಗಳ ಹೆಸರೂ ಹಾಗೆಯೇ. ನಿಮ್ಮ ವಿಮಾನ ಇಳಿಯುವ ಫ್ರಾಂಕ್‌ಫರ್ಟ್ ಮೈನ್ ನದಿಯ ಮೇಲಿದೆ. ಓಡರ್ ನದಿಯ ಮೇಲಿನ ಇನ್ನೊಂದು ಫ್ರಾಂಕ್‌ಫರ್ಟ್ ದೇಶದ ಇನ್ನೊಂದು ತುದಿಯಲ್ಲಿ, ಪೋಲೆಂಡಿನ ಗಡಿಗೆ ಅಂಟಿಕೊಂಡಿದೆ. ಕೋಟೆಯ ಊರು ರೋಥನ್‌ಬುರ್ಗ್ ನೋಡಬೇಕೆಂದವರು ಟೌಬರ್ ನದಿಯ ಹೆಸರನ್ನೂ ಸೇರಿಸದಿದ್ದರೆ ಬೇರೊಂದು ರೋಟನ್‌ಬುರ್ಗ್ ಪರದೆಯ ಮೇಲೆ ಬರಬಹುದು. 2009ರಲ್ಲಿ ಸ್ವೀಡನ್ನಿನ ದಂಪತಿ ಇಟಲಿಯ ಕಾಪ್ರಿ ದ್ವೀಪಕ್ಕೆಂದು ಹೊರಟು, ಎರಡು ಅಕ್ಷರ ಹಿಂದುಮುಂದಾಗಿ, ಉತ್ತರದ ಒಳನಾಡಿನ ಕಾರ್ಪಿ ಎಂಬ ಪಟ್ಟಣ ತಲುಪಿ, ಅಲ್ಲಿ ದ್ವೀಪದ ನೀಲಿ ಗುಹೆ ಎಲ್ಲಿದೆಯೆಂದು ವಿಚಾರಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ದ್ವೀಪಕ್ಕೆ ಸೇತುವೆ ದಾಟದೆ, ದೋಣಿ ಹತ್ತದೆ ಬಂದೆವೆಂಬುದೇ ಅವರ ಗಮನಕ್ಕೆ ಬಂದಿರಲಿಲ್ಲ. ಪರದೆಯನ್ನು ಅಷ್ಟು ನಂಬುವುದು ಯಾರಿಗೂ ಆಗಬಹುದು. ಆದ್ದರಿಂದ ಪಿನ್‌ಕೋಡ್ ಸಮೇತ ವಿಳಾಸ ಹಾಕಿ. ದಾರಿ ಶುರು ಮಾಡುವ ಮೊದಲು ಇಡೀ ದಾರಿಯನ್ನು ಒಮ್ಮೆ ಚಿಕ್ಕದಾಗಿಸಿ ನೋಡಿ: ದಿಕ್ಕು ಸರಿಯೇ, ದೂರ ನೀವು ಅಂದುಕೊಂಡಷ್ಟೇ ಇದೆಯೇ? ಅರ್ಧ ನಿಮಿಷದ ಕೆಲಸ.

ಸ್ಥಳದ ಹೆಸರು ಸ್ಥಳೀಯ ಭಾಷೆಯಲ್ಲಿ ಹೇಗಿದೆಯೆಂದು ಬರೆದಿಟ್ಟುಕೊಳ್ಳಿ. ಫಲಕಗಳ ಮೇಲೆ ಮ್ಯೂನಿಕ್ ಎಂದಿರುವುದಿಲ್ಲ, ಮ್ಯೂನ್ಶೆನ್ ಎಂದಿರುತ್ತದೆ. ಫ್ಲಾರೆನ್ಸ್ ಫಿರೆಂಝೆ ಆಗಿರುತ್ತದೆ.

ಹೋಟೆಲಿನ ವಿಳಾಸ ಹಾಕಿದರೆ ಬಾಗಿಲಿಗೇ ಹೋಗುತ್ತೇವೆಂಬ ಭರವಸೆಯೂ ಬೇಡ. ಸ್ವಿಟ್ಜರ್ಲೆಂಡಿನ ಝೆರ್ಮಾಟ್‌ಗೆ ಪ್ರವಾಸಿಗರ ಕಾರುಗಳಿಗೆ ಪ್ರವೇಶವಿಲ್ಲ, ಟ್ಯಾಶ್ ಎಂಬ ಹಳ್ಳಿಯಲ್ಲಿ ನಿಲ್ಲಿಸಿ ರೈಲು ಹಿಡಿಯಬೇಕು. ವೆಂಗನ್ ಮತ್ತು ಮ್ಯೂರೆನ್‌ಗೆ ಹೋಗುವವರು ಲೌಟರ್‌ಬ್ರುನೆನ್‌ನಲ್ಲಿ ನಿಲ್ಲಿಸಬೇಕು. ವೆನಿಸ್‌ಗೆ ಕಾರು ಹೋಗುವುದು ಪಿಯಾಝಾಲೆ ರೋಮಾವರೆಗೆ. ಇಂಥ ಕಡೆ ಸಾಧನಕ್ಕೆ ಹೋಟೆಲಿನ ಬದಲು ಪಾರ್ಕಿಂಗ್ ಜಾಗದ ಹೆಸರನ್ನು ಹಾಕಿ.

ಆಲ್ಪ್ಸ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಕರ್ನಾಟಕದ ಶಾಲೆಗಳ ರಜೆ ಬರುವುದು ಏಪ್ರಿಲ್ ಮೇ ತಿಂಗಳಲ್ಲಿ. ಚಿತ್ರಗಳಲ್ಲಿ ನೋಡಿ ಆಸೆಪಟ್ಟ ಎತ್ತರದ ಘಾಟಿಗಳು, 2,429 ಮೀಟರಿನ ಫುರ್ಕಾ, ಅದರ ಪಕ್ಕದ ಗ್ರಿಮ್ಸೆಲ್, ಇಟಲಿಯ 2,757 ಮೀಟರಿನ ಸ್ಟೆಲ್ವಿಯೊ, ಆ ಹೊತ್ತಿಗೆ ಹಿಮದಡಿಯಲ್ಲಿ ಮುಚ್ಚಿರುತ್ತವೆ. ಸಾಮಾನ್ಯವಾಗಿ ತೆರೆಯುವುದು ಮೇ ಕೊನೆಯಿಂದ ಜೂನ್‌ನಲ್ಲಿ. ಒಳಗಿನ ನಕ್ಷೆಯನ್ನು ಮಾತ್ರ ನಂಬಿದ ಸಾಧನ ಆ ದಾರಿಯನ್ನೇ ತೋರಿಸಬಹುದು. ಬೆಟ್ಟದ ಬುಡದ ಗೇಟು ಮುಚ್ಚಿರುವುದು ತಲುಪಿದ ಮೇಲೆ ಗೊತ್ತಾದರೆ ದಿನವೇ ಹಾಳು. ಹೊರಡುವ ಬೆಳಿಗ್ಗೆ ಹೋಟೆಲಿನವರನ್ನು ಕೇಳಿ. ವರ್ಷವಿಡೀ ದಾಟಲು ಸುರಂಗಗಳಿವೆ, ಗೊಥಾರ್ಡ್ ರಸ್ತೆ ಸುರಂಗದ ಉದ್ದ 16.9 ಕಿಲೋಮೀಟರ್. ಕಾರನ್ನೇ ರೈಲಿಗೆ ಹತ್ತಿಸುವ ಸೇವೆಗಳೂ ಇವೆ. ಫುರ್ಕಾ ಘಾಟಿ ಮುಚ್ಚಿದಾಗ ರೆಯಾಲ್ಪ್‌ನಿಂದ ಓಬರ್‌ವಾಲ್ಡ್‌ಗೆ ಕಾರು ರೈಲಿನ ಮೇಲೆ ಕೂತು ಹೋಗುತ್ತದೆ. ಸೆಟ್ಟಿಂಗ್‌ನಲ್ಲಿ ದೋಣಿ, ಕಾರು-ರೈಲುಗಳನ್ನು ತಪ್ಪಿಸು ಎಂದು ಗುರುತು ಹಾಕಿದ್ದರೆ ಸಾಧನ ಈ ದಾರಿಗಳನ್ನು ತೋರಿಸುವುದೇ ಇಲ್ಲ.

ಸುರಂಗದೊಳಗೆ ಉಪಗ್ರಹವಿಲ್ಲ. ಕಾರಿನಲ್ಲೇ ಕಟ್ಟಿಕೊಟ್ಟ ವ್ಯವಸ್ಥೆ ಚಕ್ರದ ಸುತ್ತುಗಳಿಂದ ಅಂದಾಜು ಮಾಡಿಕೊಳ್ಳುತ್ತದೆ, ಗಾಜಿಗೆ ಅಂಟಿಸಿದ ಸಾಧನಕ್ಕೆ ಆ ಅನುಕೂಲವಿಲ್ಲ. ಸುರಂಗದಿಂದ ಹೊರಬಿದ್ದ ಕೂಡಲೇ ಯಾವ ಕಡೆಗೆ ಎಂಬುದನ್ನು ಒಳಹೊಗುವ ಮೊದಲೇ ಪಕ್ಕದವರು ಓದಿ ಹೇಳಲಿ. ಘಾಟಿ ರಸ್ತೆಯಲ್ಲಿ ಸಾಧನ ಹೇಳುವ ತಲುಪುವ ಸಮಯವನ್ನೂ ನೆಚ್ಚಬೇಡಿ. ಸ್ಟೆಲ್ವಿಯೊದ ಒಂದು ಬದಿಯಲ್ಲೇ 48 ಹೇರ್‌ಪಿನ್ ತಿರುವುಗಳಿವೆ. ಹಿಂದಿನ ಸೀಟಿನಲ್ಲಿ ಹೊಟ್ಟೆ ತೊಳಸುತ್ತಿರುವ ಅಮ್ಮನನ್ನು ಕೂರಿಸಿಕೊಂಡು ಸಾಧನದ ಲೆಕ್ಕದ ವೇಗದಲ್ಲಿ ಯಾರೂ ಓಡಿಸಲಾರರು. ಕಿರಿದಾದ ಹಳ್ಳಿ ದಾರಿಗಳಿಗೆ ನುಗ್ಗಿಸುವ 'ಅತಿ ಹತ್ತಿರದ ದಾರಿ' ಎಂಬ ಆಯ್ಕೆಯನ್ನು ಇಡೀ ಪ್ರವಾಸದಲ್ಲಿ ಮುಟ್ಟದಿರುವುದು ಒಳ್ಳೆಯದು.

ಟೋಲ್ ವಿಚಾರ ದೇಶಕ್ಕೊಂದು ಬಗೆ. ಫ್ರಾನ್ಸ್, ಇಟಲಿಗಳಲ್ಲಿ ನಮ್ಮಲ್ಲಿಯಂತೆ ಗೇಟುಗಳಿವೆ. ಸ್ವಿಟ್ಜರ್ಲೆಂಡ್, ಆಸ್ಟ್ರಿಯಾಗಳಲ್ಲಿ ವಿನ್ಯೆಟ್ ಎಂಬ ಪರವಾನಗಿ ಮೊದಲೇ ಕೊಂಡಿರಬೇಕು. ಸ್ವಿಸ್ ವಿನ್ಯೆಟ್‌ಗೆ 40 ಫ್ರಾಂಕ್, ಇಲ್ಲದೆ ಸಿಕ್ಕಿಬಿದ್ದರೆ 200 ಫ್ರಾಂಕ್ ದಂಡ. 2023ರ ಆಗಸ್ಟಿನಿಂದ ಅದು ಆನ್‌ಲೈನ್‌ನಲ್ಲೂ ಸಿಗುತ್ತದೆ, ಕಾರಿನ ನಂಬರಿಗೆ ಸೇರಿಕೊಂಡಿರುತ್ತದೆ. ಆದ್ದರಿಂದ ಕಾರು ಕೈಗೆ ಬಂದ ಮೇಲೆ, ಗಡಿಗೆ ಮೊದಲು ಕೊಳ್ಳಿ. ಗಡಿ ದಾಟಿದೆವೆಂದು ಸಾಧನ ಹೇಳುತ್ತದೆ, ವಿನ್ಯೆಟ್ ಇದೆಯೇ ಎಂದು ಕೇಳುವುದಿಲ್ಲ.

ಇಟಲಿಯ ಹಳೆಯ ಊರುಗಳ ಮಧ್ಯಭಾಗಕ್ಕೆ ಝಡ್‌ಟಿಎಲ್ ಎಂಬ ವಾಹನ ಪ್ರವೇಶ ನಿರ್ಬಂಧವಿದೆ. ರೋಮ್, ಫ್ಲಾರೆನ್ಸ್, ಪೀಸಾಗಳಲ್ಲಿ ಕ್ಯಾಮೆರಾ ನಂಬರ್ ಪ್ಲೇಟನ್ನು ಓದಿಕೊಳ್ಳುತ್ತದೆ, ಯಾರೂ ತಡೆದು ನಿಲ್ಲಿಸುವುದಿಲ್ಲ. ದಂಡದ ಕಾಗದ ಬಾಡಿಗೆ ಕಂಪನಿಯ ಮೂಲಕ ಸುತ್ತಿ, ಅವರ ಶುಲ್ಕವನ್ನೂ ಹೊತ್ತು, ತಿಂಗಳುಗಳ ನಂತರ ಜಯನಗರದ ನಿಮ್ಮ ಮನೆಗೆ ಬರುತ್ತದೆ. ಎಲ್ಲ ಸಾಧನಗಳೂ ಈ ವಲಯಗಳನ್ನು ಸರಿಯಾಗಿ ತಪ್ಪಿಸುವುದಿಲ್ಲ. ಹೋಟೆಲು ಆ ವಲಯದ ಒಳಗಿದ್ದರೆ ಕಾರಿನ ನಂಬರನ್ನು ನೋಂದಾಯಿಸಲು ಅವರಿಗೆ ಮೊದಲೇ ತಿಳಿಸಿ.

ಇನ್ನೊಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ವೇಗದ ಕ್ಯಾಮೆರಾ ಎಲ್ಲಿದೆಯೆಂದು ಹೇಳುವ ಸೌಲಭ್ಯ ಹಲವು ಸಾಧನಗಳಲ್ಲೂ ಆ್ಯಪ್‌ಗಳಲ್ಲೂ ಇದೆ. ಫ್ರಾನ್ಸ್ 2012ರಲ್ಲೇ ಅದನ್ನು ನಿಷೇಧಿಸಿದೆ, ದಂಡ 1,500 ಯೂರೊವರೆಗೆ ಏರಬಹುದು. ಜರ್ಮನಿಯಲ್ಲಿ ಓಡಿಸುವಾಗ ಬಳಸಿದರೆ 75 ಯೂರೊ. ಸ್ವಿಟ್ಜರ್ಲೆಂಡಿನಲ್ಲಿ ಸಾಧನವನ್ನೇ ವಶಪಡಿಸಿಕೊಂಡು ನಾಶ ಮಾಡಬಹುದು. ಸೆಟ್ಟಿಂಗ್‌ಗೆ ಹೋಗಿ ಅದನ್ನು ತೆಗೆದುಹಾಕಿಯೇ ಗಡಿ ದಾಟಿ. ಫಲಕದಲ್ಲಿರುವ ವೇಗದ ಮಿತಿಯನ್ನು ಪಾಲಿಸಿದರೆ ಅದರ ಅಗತ್ಯವೂ ಇಲ್ಲ.

ಅಭ್ಯಾಸ ಊರಿನಲ್ಲೇ ಆಗಲಿ. ಯುರೋಪಿನ ನಕ್ಷೆಯಿರುವ ಹೆಚ್ಚಿನ ಸಾಧನಗಳಲ್ಲಿ ಜಿಪಿಎಸ್ ಆಫ್ ಮಾಡಿ ಅಣಕು ಪ್ರಯಾಣ ನೋಡಬಹುದು, ಹಿಯರ್ ವಿಗೋದಲ್ಲಿ ದಾರಿಯ ತಿರುವುಗಳ ಪಟ್ಟಿ ಓದಬಹುದು. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಿಂದ ಮೊದಲ ಹೋಟೆಲಿನವರೆಗೆ ಮನೆಯ ಸೋಫಾದಲ್ಲಿ ಕೂತು ಒಮ್ಮೆ ಹೋಗಿಬನ್ನಿ. ಲೇನ್ ತೋರಿಸುವ ಬಾಣಗಳನ್ನು ಓದಲು ಕಲಿಯಿರಿ. ನಮ್ಮ ಊರುಗಳಲ್ಲಿ ಲೇನ್ ಅಷ್ಟು ಮುಖ್ಯವಲ್ಲದ್ದರಿಂದ ನಮಗೆ ಆ ಬಾಣಗಳ ಅಭ್ಯಾಸವಿಲ್ಲ, ಇಲ್ಲಿ ಒಂದು ಕಿಲೋಮೀಟರ್ ಮೊದಲೇ ಸರಿಯಾದ ಲೇನ್‌ಗೆ ಬಂದಿರಬೇಕು. ರಸ್ತೆಗಳ ಹೆಸರನ್ನೂ ಓದಿ ಹೇಳುವ ಧ್ವನಿಯನ್ನು ಆರಿಸಿ. ಪಕ್ಕದ ಸೀಟಿಗೆ ಒಬ್ಬರನ್ನು ನೇಮಿಸಿ, ಅವರು ನಿದ್ದೆ ಮಾಡಬಾರದು. ವಿಳಾಸ ಹಾಕುವುದು, ದಾರಿ ಬದಲಿಸುವುದು ಎಲ್ಲ ಅವರದೇ ಕೆಲಸ. ಓಡುತ್ತಿರುವಾಗ ಚಾಲಕನ ಬೆರಳು ಪರದೆಗೆ ಹೋಗಬಾರದು.

ಸಾಧನಕ್ಕೆ ರಸ್ತೆ ಗೊತ್ತು, ರಸ್ತೆಯ ನಿಯಮ ಗೊತ್ತಿಲ್ಲ. ಜರ್ಮನಿ, ಫ್ರಾನ್ಸ್‌ಗಳಲ್ಲಿ ಯಾವ ಫಲಕವೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು, ಅವರು ಸಣ್ಣ ಗಲ್ಲಿಯಿಂದ ಬಂದರೂ ಸರಿ. "ನೇರ ಹೋಗಿ" ಎನ್ನುವ ಧ್ವನಿ ಇದನ್ನು ಹೇಳುವುದಿಲ್ಲ. 2012ರಲ್ಲಿ ಆಸ್ಟ್ರೇಲಿಯಾದಲ್ಲಿ ಜಪಾನಿನ ಮೂವರು ಪ್ರವಾಸಿಗರು ಸಾಧನ ತೋರಿಸಿತೆಂದು ಸಮುದ್ರದ ಇಳಿತದ ಹೊತ್ತಿನಲ್ಲಿ ಕೆಸರುನೆಲದ ಮೇಲೆ ಕಾರು ಓಡಿಸಿ, ಉಬ್ಬರದಲ್ಲಿ ಕಾರನ್ನೇ ಬಿಟ್ಟು ಬರಬೇಕಾಯಿತು. ಪರದೆಗೂ ಕಣ್ಣೆದುರಿನ ರಸ್ತೆಗೂ ಹೊಂದಿಕೆಯಾಗದಿದ್ದರೆ ಕಣ್ಣನ್ನೇ ನಂಬಿ.

ಹಿಂತಿರುಗುವಾಗ ಮೂರು ಕೆಲಸ. ಬಾಡಿಗೆ ಕಾರಿನ ಪರದೆಗೆ ಫೋನ್ ಜೋಡಿಸಿದ್ದರೆ ಸಂಪರ್ಕಗಳನ್ನೂ ವಿಳಾಸಗಳನ್ನೂ ಅಳಿಸಿ ಕಾರು ಒಪ್ಪಿಸಿ. ಅಂಗಡಿಯಲ್ಲಿ ಆಸೆಪಟ್ಟು, ಉಪಗ್ರಹದ ಮೂಲಕ ಸಂದೇಶ ಕಳಿಸುವ ಚಾರಣಿಗರ ಸಾಧನ ಕೊಂಡು ಭಾರತಕ್ಕೆ ಒಯ್ಯಬೇಡಿ. ಅದು ಕಾರಿನ ಜಿಪಿಎಸ್‌ನಂತಲ್ಲ, ಸಂಕೇತ ಕಳಿಸುವಂಥದ್ದು. ಪರವಾನಗಿಯಿಲ್ಲದೆ ಅದನ್ನು ಇಟ್ಟುಕೊಂಡವರನ್ನು ಭಾರತದ ವಿಮಾನ ನಿಲ್ದಾಣಗಳಲ್ಲಿ ತಡೆದು ಪ್ರಕರಣ ಹಾಕಿದ್ದಿದೆ. ಮತ್ತೆ ಯುರೋಪಿಗೆಂದು ಕೊಂಡ ಸಾಧನವನ್ನು ಊರಿನ ಕಪಾಟಿನಲ್ಲಿ ಮಲಗಿಸಬೇಡಿ. ನಿಮ್ಮ ವಿಳಾಸಗಳನ್ನು ಅಳಿಸಿ ಇಲ್ಲಿರುವ ಯಾರಾದರೂ ಕನ್ನಡಿಗರ ಮನೆಯಲ್ಲಿ ಬಿಟ್ಟುಹೋಗಿ. ನಾವು ನಕ್ಷೆ ಹೊಸದು ಮಾಡಿಟ್ಟು, ಮುಂದಿನ ರಜೆಗೆ ಬರುವ ಕುಟುಂಬದ ಕೈಗೆ ಕೊಡುತ್ತೇವೆ.

ಇಂತಿ ನಿಮ್ಮ ಹಿತೈಷಿ,
ಸ್ಟುಟ್‌ಗಾರ್ಟ್‌ನ ಒಬ್ಬ ಕನ್ನಡಿಗ